ರಾಜೀನಾಮೆ

ರಾಜೀನಾಮೆ ಎಂಬ ಮಾತನ್ನು ನಾನು ಮೊಟ್ಟಮೊದಲು ಕೇಳಿದ್ದು ನನ್ನ ಹನ್ನೆರಡನೆಯ ವಯಸ್ಸಿನಲ್ಲಿ, ತುಮಕೂರು ಜಿಲ್ಲೆಯ ನಮ್ಮ ತಾಲ್ಲೂಕು ಊರಿನ ಮುನ್ಸೀಫ್ ಕೋರ್ಟಿನ ಜಗುಲಿಯ ಮೇಲೆ. ಕೆಲಸ ಬಿಡುವುದೆಂಬ ಅರ್ಥ ಆ ಮಾತಿಗೆ ಉಂಟೆಂದು ಆಗ ನನಗೆ ತಿಳಿಯದು. ನಮ್ಮ ವಕೀಲರು ತಂದೆಯವರ ಕಿವಿಯ ಹತ್ತಿರಕ್ಕೆ ಬಾಗಿ, “ರಾಜೀನಾಮೆ ಹಾಕಿಬಿಡೋಣ ಸ್ವಾಮಿ. ಆರು ಮರ ನಿಮಗೆ, ಐದು ಮರ ಅವರಿಗೆ. ವ್ಯಾಜ್ಯ ಇಲ್ಲಿಗೇ ತೀರಿಹೋಗಲಿ” ಎಂದರು. ಕೋರ್ಟಿನವರ ಬಾಯಲ್ಲಿ ರಾಜೀನಾಮೆಯೆಂದರೆ ವಾದಿ ಪ್ರತಿವಾದಿಗಳಿಬ್ಬರೂ ರಾಜಿಯಾಗಿ ರುಜು ಹಾಕಿ ಕೊಡುವ ಪತ್ರ. ಮುಂದೆ ಬೆಂಗಳೂರಿಗೆ ಬಂದು ಸರ್ಕಾರಿ ಗುಮಾಸ್ತನಾದ ಮೇಲೆ ಅದೇ ಮಾತಿನ ಇನ್ನೊಂದು ಅರ್ಥವನ್ನು ಕಲಿತೆ. ಈ ಎರಡು ಅರ್ಥಗಳಿಗೂ ಇರುವ ನಂಟೇನೆಂಬುದನ್ನು ನಿಘಂಟು ಬಲ್ಲವರು ಹೇಳಬೇಕು. ನನಗಂತೂ ಆ ನಂಟು ಈಚೆಗೆ ಬೇರೊಂದು ದಾರಿಯಲ್ಲಿ ಹೊಳೆದಿದೆ. ಅದನ್ನು ಹೇಳುವುದಕ್ಕೆ ಮೊದಲು ಆ ಹನ್ನೊಂದು ತೆಂಗಿನಮರಗಳ ಕಥೆಯನ್ನು ಹೇಳಬೇಕು.

ನಮ್ಮ ತೋಟಕ್ಕೂ ದಾಯಾದಿಗಳ ತೋಟಕ್ಕೂ ನಡುವೆ ಒಂದು ಬದು. ಬದುವಿನ ಮಗ್ಗುಲಿಗೆ ಸಾಲಾಗಿ ಹನ್ನೊಂದು ಮರ. ಅವನ್ನು ನೆಟ್ಟವರು ನಮ್ಮ ತಾತ ಎಂಬುದು ನಮ್ಮ ಮನೆಯ ನಂಬಿಕೆ. ಅವರ ತಾತ ಎಂಬುದು ಅವರ ಮನೆಯ ನಂಬಿಕೆ. ಎರಡು ತಾತಂದಿರೂ ತೀರಿಕೊಂಡಿದ್ದರು. ಮರಗಳು ಮಾತ್ರ ಯಾರ ಪಕ್ಷವನ್ನೂ ಹಿಡಿಯದೆ ವರ್ಷ ವರ್ಷವೂ ಕಾಯಿ ಬಿಡುತ್ತಿದ್ದುವು. 1965ರಲ್ಲಿ ದಾವೆ ಕೋರ್ಟಿಗೆ ಏರಿತು. ವಕೀಲರ ರಾಜೀನಾಮೆಯ ಸಲಹೆಗೆ ತಂದೆಯವರು ಒಪ್ಪಲಿಲ್ಲ. “ತಾತ ನೆಟ್ಟಿದ್ದರೆ ಹನ್ನೊಂದೂ ನೆಟ್ಟರು, ಇಲ್ಲವಾದರೆ ಒಂದೂ ಇಲ್ಲ” ಎಂದುಬಿಟ್ಟರು. ಲೆಕ್ಕಾಚಾರದಲ್ಲಿ ಅವರು ಯಾವಾಗಲೂ ಹಾಗೆಯೆ.

ಆಗ ನಮ್ಮೂರಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಮುನ್ಸೀಫರು ನಮ್ಮ ಬೀದಿಯಲ್ಲೇ, ಎರಡು ಮನೆ ಆಚೆಗೆ, ಬಾಡಿಗೆಗೆ ಇದ್ದರು. ಸಣಕಲು ಮನುಷ್ಯ, ದಪ್ಪ ಕನ್ನಡಕ. ಸಾಯಂಕಾಲ ಒಬ್ಬರೇ ಕೆರೆ ಏರಿಯ ಮೇಲೆ ಹೋಗಿಬರುತ್ತಿದ್ದರು. ಎದುರಿಗೆ ಸಿಕ್ಕವರು ಕೈಮುಗಿದರೆ ಕೈಮುಗಿಯುತ್ತಿದ್ದರು, ನಿಂತು ಮಾತನಾಡುತ್ತಿರಲಿಲ್ಲ. ಮದುವೆ ಮುಂಜಿಗಳಿಗೆ ಕರೆದರೆ ಬಂದು ಅಕ್ಷತೆ ಹಾಕಿ, ಎಲೆ ಹಾಕುವುದಕ್ಕೆ ಮೊದಲೇ ಹೊರಟುಬಿಡುತ್ತಿದ್ದರು. ಊರಿನವರಿಗೆ ಇದು ಅಷ್ಟು ಹಿಡಿಸಲಿಲ್ಲ. ಜಂಬದ ಮನುಷ್ಯ ಎಂದು ಕೆಲವರು, ಜಿಪುಣ ಎಂದು ಕೆಲವರು ಅಂದುಕೊಂಡರು. ಊಟಕ್ಕೆ ಕರೆದರೆ ಬಾರದವನು ತನ್ನ ಮನೆಗೂ ಕರೆಯನಷ್ಟೆ ಎಂಬುದು ಆ ಎರಡನೆಯವರ ತರ್ಕ.

ಆ ವರ್ಷದ ಗೌರಿಹಬ್ಬದಲ್ಲಿ ನಮ್ಮ ತಾಯಿ ಬೀದಿಯ ಮುತ್ತೈದೆಯರನ್ನೆಲ್ಲ ಅರಿಸಿನ ಕುಂಕುಮಕ್ಕೆ ಕರೆದರು. ಮುನ್ಸೀಫರ ಹೆಂಡತಿಯೂ ಬಂದರು. ಊರಿಗೆ ಹೊಸಬರು, ನಮ್ಮ ದಾವೆ ಅವರ ಯಜಮಾನರ ಮುಂದೆಯೇ ಇದೆಯೆಂದು ಆಕೆಗೆ ಹೇಗೆ ತಿಳಿಯಬೇಕು? ತಾಂಬೂಲದ ಜೊತೆಗೆ ಒಂದು ತೆಂಗಿನಕಾಯನ್ನೂ ಕೊಟ್ಟು ಕಳುಹಿಸಿದ್ದಾಯಿತು. ಮರುದಿನ ಬೆಳಿಗ್ಗೆ ಕೋರ್ಟಿನ ಜವಾನ ನಮ್ಮ ಬಾಗಿಲಲ್ಲಿ ನಿಂತಿದ್ದ. ಅವನ ಕೈಯಲ್ಲಿ ಆ ಕಾಯಿ. “ಅರಿಸಿನ ಕುಂಕುಮ ಅಮ್ಮಾವರು ಇಟ್ಟುಕೊಂಡಿದ್ದಾರಂತೆ. ಕಾಯಿ ಮಾತ್ರ ತಮಗೇ ಕೊಟ್ಟು ಬಾ ಅಂದರು. ತಪ್ಪು ತಿಳಕೋಬಾರದಂತೆ” ಎಂದು ಒಪ್ಪಿಸಿದ.

ನಮ್ಮ ಮನೆಯಲ್ಲಿ ಆ ಹೊತ್ತು ಒಲೆ ಉರಿಯುವುದೇ ತಡವಾಯಿತು. ಹಬ್ಬದ ತಾಂಬೂಲವನ್ನು ಹಿಂದಕ್ಕೆ ಕಳುಹಿಸುವವರುಂಟೆ? ಅಪಶಕುನ, ಅವಮಾನ, ಎರಡೂ ಆಯಿತೆಂದು ನಮ್ಮಜ್ಜಿ ಗೊಣಗಿದರು. ತಾಯಿಯ ಕಣ್ಣಲ್ಲಿ ನೀರು. ತಂದೆಯವರು ಮಾತ್ರ ಆ ಕಾಯನ್ನು ಕೈಯಲ್ಲಿ ಹಿಡಿದು, ಮೊದಲ ಸಲ ತೆಂಗಿನಕಾಯಿ ನೋಡುವವರಂತೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತ ನಿಂತರು. ಆಮೇಲೆ ನಕ್ಕರು. “ಎದುರು ಪಕ್ಷದವರು ಕೊಟ್ಟಿದ್ದರೂ ಹೀಗೆಯೇ ಹಿಂದಕ್ಕೆ ಬರುತ್ತಿತ್ತು ಕಣೆ” ಎಂದರು.

1966ರ ಜನವರಿಯಲ್ಲಿ ತೀರ್ಪಾಯಿತು. ನಾವು ಸೋತೆವು. ಹಳೆಯ ಸರ್ವೆಯ ಬಾಂದುಕಲ್ಲು ನಮ್ಮ ಕಡೆಗೆ ಎಂಟು ಅಡಿ ಒಳಗೆ ಸಿಕ್ಕಿತೆಂಬುದೇ ತೀರ್ಪಿನ ಆಧಾರ. ಆ ಕಲ್ಲನ್ನು ಯಾರೋ ಕಿತ್ತು ನೆಟ್ಟಿದ್ದಾರೆಂದು ತಂದೆಯವರ ವಾದ. ಕೊನೆಯ ತನಕ ಅವರು ಅದನ್ನು ಬಿಡಲಿಲ್ಲ. ವಕೀಲರು ತುಮಕೂರಿಗೆ ಅಪೀಲು ಹೋಗೋಣ, ಮೂವತ್ತು ದಿನ ಅವಧಿ ಇದೆ ಎಂದರು. ತಂದೆಯವರು ಒಂದು ರಾತ್ರಿ ಯೋಚಿಸಿ ಬೇಡವೆಂದರು. ಅಮೀನ ಬಂದ ದಿನ ತಾವೇ ಮುಂದೆ ಹೋಗಿ ಒಂದೊಂದೇ ಮರವನ್ನು ತೋರಿಸಿ ಬಿಟ್ಟುಕೊಟ್ಟರು. ಏಕೆ ಅಪೀಲು ಹೋಗಲಿಲ್ಲವೆಂದು ಯಾರಾದರೂ ಕೇಳಿದರೆ ಅವರು ಹೇಳುತ್ತಿದ್ದುದು ಒಂದೇ ಮಾತು: “ತೀರ್ಪು ತಪ್ಪು, ಮುನ್ಸೀಫರು ಸರಿ.”

ಈ ಮಾತು ಆಗ ನನಗೆ ಅರ್ಥವಾಗಲಿಲ್ಲ. ತೀರ್ಪು ತಪ್ಪಾದರೆ ಕೊಟ್ಟವರು ಸರಿಯಾಗುವುದು ಹೇಗೆ? ಅದು ಅರ್ಥವಾಗುವುದಕ್ಕೆ ನನಗೆ ಸುಮಾರು ಅರವತ್ತು ವರ್ಷ ಹಿಡಿಯಿತು. ಅರ್ಥ ಮಾಡಿಸಿದವರು ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ನನ್ನೊಡನೆ ಸುತ್ತು ಹಾಕುವ ಮಿತ್ರರೊಬ್ಬರು. ಬ್ಯಾಂಕಿನಿಂದ ನಿವೃತ್ತರಾದವರು. ಒಂದು ನಿವೇಶನದ ವಿಷಯವಾಗಿ ಹದಿನಾಲ್ಕು ವರ್ಷ ಕೋರ್ಟು ಅಲೆದು, ಹೈಕೋರ್ಟಿನಲ್ಲಿ ಸೋತು, ಹೇಗೋ ಮನಸ್ಸನ್ನು ಸಮಾಧಾನ ಮಾಡಿಕೊಂಡು ಕುಳಿತಿದ್ದರು. 2025ರ ಮಾರ್ಚಿಯಲ್ಲಿ ಒಂದು ದಿನ ಪತ್ರಿಕೆಯನ್ನು ಮಡಿಸಿ ಕಂಕುಳಲ್ಲಿ ಇರುಕಿಕೊಂಡು ಬಂದರು. ದೆಹಲಿಯಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಅಧಿಕೃತ ನಿವಾಸದ ಉಗ್ರಾಣಕ್ಕೆ ಆ ತಿಂಗಳ 14ರ ರಾತ್ರಿ ಬೆಂಕಿ ಬಿದ್ದು, ಆರಿಸಲು ಹೋದವರಿಗೆ ಅರೆಸುಟ್ಟ ನೋಟುಗಳು ಕಂಡುವೆಂಬ ಸುದ್ದಿ. ಆ ಹಣ ತಮ್ಮದಲ್ಲ, ತಮ್ಮ ಮನೆಯವರದೂ ಅಲ್ಲ ಎಂದು ನ್ಯಾಯಮೂರ್ತಿಗಳು ಹೇಳಿದ್ದರು. ನನ್ನ ಮಿತ್ರರು ಬೆಂಚಿನ ಮೇಲೆ ಕುಳಿತು ಹೇಳಿದರು:

“ನೋಡಿ, ನನ್ನ ಕೇಸು ಕೇಳಿದವರು ಬೇರೆ, ಊರು ಬೇರೆ. ಅವರು ಚಿನ್ನದಂಥ ಮನುಷ್ಯರೇ ಇರಬಹುದು. ಆದರೆ ಅದು ನನಗೆ ಗೊತ್ತಾಗುವುದು ಹೇಗೆ?”

ಅಂದಿನಿಂದ ಅವರ ಸಮಾಧಾನ ಮುರಿದುಹೋಯಿತು. ಮೂಲೆಗೆ ಕಟ್ಟಿಟ್ಟಿದ್ದ ಕಾಗದಗಳ ಕಂತೆಯನ್ನು ಮತ್ತೆ ಬಿಚ್ಚಿದರೆಂದು ಅವರ ಮಗಳು ಹೇಳಿ ನೊಂದುಕೊಂಡಳು. ಯಾವ ದೆಹಲಿ, ಯಾವ ನಿವೇಶನ! ಆದರೂ ಅಲ್ಲಿ ಬಿದ್ದ ಕಿಡಿ ಇಲ್ಲಿಯ ಕಂತೆಗೆ ತಗುಲಿತು.

ಆಗ ನನಗೆ ಹೊಳೆಯಿತು. ಗೆದ್ದವನಿಗೆ ನ್ಯಾಯಾಧೀಶರ ಪ್ರಾಮಾಣಿಕತೆಯ ಗೊಡವೆ ಇಲ್ಲ. ಅವನಿಗೆ ತೀರ್ಪು ಸಾಕು. ಆ ಪ್ರಾಮಾಣಿಕತೆ ಬೇಕಾಗುವುದು ಸೋತವನಿಗೆ. ಅವನು ರಾತ್ರಿ ಮಲಗಿ ನಿದ್ದೆ ಮಾಡಬೇಕಾದರೆ, ಬೆಳಿಗ್ಗೆ ಎದ್ದು ಗೆದ್ದವನ ತೋಟದ ಪಕ್ಕದಲ್ಲೇ ನಡೆದುಹೋಗಬೇಕಾದರೆ, ಅವನ ಕೈಯಲ್ಲಿ ಏನಾದರೂ ಒಂದು ಇರಬೇಕು. ನಮ್ಮ ತಂದೆಯವರ ಕೈಯಲ್ಲಿ ಹಿಂದಕ್ಕೆ ಬಂದ ಒಂದು ತೆಂಗಿನಕಾಯಿ ಇತ್ತು. ನನ್ನ ಮಿತ್ರರ ಕೈಯಲ್ಲಿ ಏನೂ ಇಲ್ಲ.

ನಮ್ಮ ಮುನ್ಸೀಫರಂಥವರ ಮೇಲೆ ಕಣ್ಣುಗಳು ಬಹಳ. ಬೀದಿಯ ಕಣ್ಣು ಒಂದು. ಜಿಲ್ಲಾ ನ್ಯಾಯಾಧೀಶರ ಕಣ್ಣು ಇನ್ನೊಂದು. ಅವರೆಲ್ಲರ ಮೇಲೆ ಹೈಕೋರ್ಟಿನ ಹತೋಟಿ. ವರ್ಗ ಮಾಡಬಹುದು, ವಿಚಾರಣೆ ಮಾಡಬಹುದು, ಮನೆಗೆ ಕಳುಹಿಸಲೂಬಹುದು. ಮೇಲೆ ಹೋದಂತೆಲ್ಲ ಕಣ್ಣುಗಳು ಕಡಮೆಯಾಗುತ್ತವೆ. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯನ್ನು ಪೀಠದಿಂದ ಇಳಿಸಬೇಕಾದರೆ ನೂರು ಮಂದಿ ಲೋಕಸಭಾ ಸದಸ್ಯರೋ ಐವತ್ತು ಮಂದಿ ರಾಜ್ಯಸಭಾ ಸದಸ್ಯರೋ ರುಜು ಹಾಕಬೇಕು. ಮೂವರ ಸಮಿತಿ ವಿಚಾರಣೆ ನಡೆಸಿ ದುರ್ನಡತೆ ರುಜುವಾತಾಯಿತೆನ್ನಬೇಕು. ಆಮೇಲೆ ಎರಡು ಸದನಗಳಲ್ಲಿಯೂ ಒಟ್ಟು ಸದಸ್ಯರ ಬಹುಮತ, ಹಾಜರಿದ್ದು ಮತ ಹಾಕಿದವರ ಮೂರರಲ್ಲಿ ಎರಡು ಪಾಲು ಮತ, ಎರಡೂ ಬೀಳಬೇಕು. ಸಂವಿಧಾನ ಬರೆದವರು ಬೇಕೆಂದೇ ಇಷ್ಟು ಎತ್ತರದ ಗೋಡೆ ಕಟ್ಟಿದರು. ಸರ್ಕಾರದ ವಿರುದ್ಧವೇ ತೀರ್ಪು ಬರೆಯಬೇಕಾದವನನ್ನು ಸರ್ಕಾರ ಸುಲಭವಾಗಿ ಎಬ್ಬಿಸುವಂತಿರಬಾರದಷ್ಟೆ. ಅದು ಸರಿ. ಆ ಗೋಡೆಗೆ ನಾನು ಕೈಮುಗಿಯುತ್ತೇನೆ.

ಆ ಗೋಡೆಯ ಒಳಗಿದ್ದೂ ರಾಜೀನಾಮೆ ಕೊಟ್ಟು ಹೊರಗೆ ಬಂದವರೊಬ್ಬರನ್ನು ಕನ್ನಡಿಗರು ಬಲ್ಲರು. ಕಾರ್ಕಳದ ಕಡೆಯ ಕೌಡೂರಿನ ಕೆ. ಎಸ್. ಹೆಗ್ಡೆಯವರು. 1957ರಲ್ಲಿ ನಮ್ಮ ಮೈಸೂರು ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿ, ಮುಂದೆ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶರಾಗಿ, 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಮೊಕದ್ದಮೆಯ ತೀರ್ಪು ಬಂತು. ಆ ಮೊಕದ್ದಮೆ ಹೂಡಿದ ಸ್ವಾಮಿಗಳೂ ನಮ್ಮವರೇ, ಕಾಸರಗೋಡಿನ ಬಳಿಯ ಎಡನೀರು ಮಠದವರು. ಹದಿಮೂರು ಮಂದಿಯಲ್ಲಿ ಏಳು ಮಂದಿ, ಸಂವಿಧಾನದ ಮೂಲಸ್ವರೂಪವನ್ನು ಪಾರ್ಲಿಮೆಂಟು ಸಹ ಅಳಿಸಲಾರದೆಂದರು. ಹೆಗ್ಡೆಯವರು ಆ ಏಳು ಮಂದಿಯಲ್ಲಿ ಒಬ್ಬರು. ಮರುದಿನವೇ ಸರ್ಕಾರ, ಹಿರಿತನದಲ್ಲಿ ಮುಂದಿದ್ದ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ, ನಾಲ್ಕನೆಯವರಾದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಆರಿಸಿತು. ಮೂವರೂ ರಾಜೀನಾಮೆ ಕೊಟ್ಟರು. ಆಗ ನಾನು ಕಾಲೇಜಿನ ಹುಡುಗ. ತಂದೆಯವರು ಪತ್ರಿಕೆಯನ್ನು ಓದಿ ಮಡಿಸಿಟ್ಟು, “ಕಾಯಿ ಹಿಂದಕ್ಕೆ ಕಳಿಸಿದರು” ಎಂದರು. ಅವರ ನಿಘಂಟಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಅದೇ ಮಾತಿನ ಇನ್ನೊಂದು ಬಗೆಯನ್ನು ನೋಡುವುದಕ್ಕೆ ಅವರು ಬದುಕಿರಲಿಲ್ಲ.

ನಾನು ಕೆಲಸ ಮಾಡುತ್ತಿದ್ದುದು ವಿಧಾನಸೌಧದಲ್ಲಿ. ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಎದುರಿಗೆ ಅಠಾರಾ ಕಛೇರಿಯ ಕೆಂಪು ಗೋಡೆಗಳೂ ಮರಗಳ ಹಸುರೂ ಕಾಣುತ್ತಿದ್ದುವು. ಕಡತದಿಂದ ತಲೆಯೆತ್ತಿದಾಗಲೆಲ್ಲ ಆ ಕೆಂಪನ್ನು ನೋಡುವುದು ನನ್ನ ಅಭ್ಯಾಸ. 2009ರಲ್ಲಿ ಆ ಕಟ್ಟಡದ ಒಳಗಿನ ಎರಡು ಸಂಗತಿಗಳು ಒಂದರ ಹಿಂದೆ ಒಂದು ನಡೆದುವು.

ಮೊದಲನೆಯದು ಆಸ್ತಿಪಟ್ಟಿಯದು. ನ್ಯಾಯಮೂರ್ತಿಗಳು ತಮ್ಮ ಆಸ್ತಿಯ ವಿವರವನ್ನು ತಮ್ಮ ಮುಖ್ಯ ನ್ಯಾಯಮೂರ್ತಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟಿನವರು 1997ರಲ್ಲೇ ತೀರ್ಮಾನ ಮಾಡಿಕೊಂಡಿದ್ದರು. ಅದು ಜನರಿಗೆ ಕಾಣಬೇಕೆ ಬೇಡವೆ ಎಂಬ ಜಗಳ 2009ರಲ್ಲಿ ಜೋರಾಯಿತು. ಕಾಣಿಸಿದರೆ ಕಿರುಕುಳ ಕೊಡುವವರು ಹೆಚ್ಚುತ್ತಾರೆಂದು ದೊಡ್ಡವರ ಅಳುಕು. ಆಗ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಡಿ. ವಿ. ಶೈಲೇಂದ್ರಕುಮಾರ್ ಅವರು, ಯಾರ ಅಪ್ಪಣೆಗೂ ಕಾಯದೆ, ತಮ್ಮ ಆಸ್ತಿಯ ವಿವರವನ್ನು ಅಂತರಜಾಲದಲ್ಲಿ ಎಲ್ಲರೂ ಓದುವಂತೆ ಹಾಕಿಬಿಟ್ಟರು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಕೆ. ಕಣ್ಣನ್ ಅವರೂ ಹಾಗೆಯೇ ಮಾಡಿದ್ದರು. ಆ ಆಗಸ್ಟ್ ತಿಂಗಳು ಮುಗಿಯುವುದರೊಳಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೂ ತಮ್ಮ ಪಟ್ಟಿ ಬಹಿರಂಗಪಡಿಸಲು ಒಪ್ಪಿದರು.

ನಮ್ಮ ಶಾಖೆಯಲ್ಲಿ ಇದು ದೊಡ್ಡ ಮಾತುಕತೆಯಾಯಿತು. ನಾವು ಗುಮಾಸ್ತರು ವರ್ಷ ವರ್ಷವೂ ಆಸ್ತಿ ಋಣಗಳ ಪಟ್ಟಿ ಸಲ್ಲಿಸುವವರು. ಹೆಂಡತಿಯ ಸರದ ತೂಕವನ್ನು ಸಹ ಬರೆಯುವವರು. ನ್ಯಾಯಮೂರ್ತಿಗಳ ಪಟ್ಟಿಯ ಒಂದು ಪ್ರತಿ ಮೇಜಿನಿಂದ ಮೇಜಿಗೆ ಹೋಯಿತು. ಎಲ್ಲರೂ ಮದುವೆಯ ಕರೆಯೋಲೆ ಓದಿದಷ್ಟು ಆಸ್ಥೆಯಿಂದ ಓದಿದರು. ಎರಡು ದಿನ ಮಾತನಾಡಿದರು. ಮೂರನೆಯ ದಿನ ಮರೆತರು. ಆ ಪಟ್ಟಿಯಲ್ಲಿ ಏನಿತ್ತೆಂಬುದು ಈಗ ನನಗೆ ಒಂದಕ್ಷರವೂ ನೆನಪಿಲ್ಲ.

ಎರಡನೆಯ ಸಂಗತಿ ಮಾತ್ರ ಇಂದಿಗೂ ನೆನಪಿದೆ. ಆಗ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ. ಡಿ. ದಿನಕರನ್ ಅವರ ಹೆಸರು ಅದೇ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿಗೆ ಶಿಫಾರಸಾಯಿತು. ಆಗ ತಮಿಳುನಾಡಿನ ಕಾವೇರಿರಾಜಪುರವೆಂಬ ಹಳ್ಳಿಯ ಜಮೀನಿನ ವಿಷಯವಾಗಿ ಆಪಾದನೆಗಳು ಎದ್ದುವು. ಅವರು ಅವನ್ನು ಅಲ್ಲಗಳೆದರು. ನವೆಂಬರಿನಲ್ಲಿ ಇಲ್ಲಿಯ ವಕೀಲರು ಕಲಾಪವನ್ನು ಬಹಿಷ್ಕರಿಸಿದರು. ಕಿಟಕಿಯಿಂದ ನಾನು ನೋಡಿದ್ದು ಕರಿಕೋಟಿನ ಒಂದು ದೊಡ್ಡ ಗುಂಪು, ಅದರ ಗದ್ದಲ. ರಾಜ್ಯಸಭೆಯ 75 ಸದಸ್ಯರು ರುಜು ಹಾಕಿದರು. 2010ರ ಜನವರಿಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಆಗಸ್ಟಿನಲ್ಲಿ ಅವರನ್ನು ಸಿಕ್ಕಿಂ ಹೈಕೋರ್ಟಿಗೆ ವರ್ಗ ಮಾಡಿದರು. ಸಿಕ್ಕಿಮಿನವರು ಏನು ಪಾಪ ಮಾಡಿದ್ದರೆಂದು ನಮ್ಮ ಶಾಖೆಯ ಒಬ್ಬರು ಕೇಳಿದರು. ಉತ್ತರ ಯಾರಿಗೂ ತಿಳಿಯಲಿಲ್ಲ. 2011ರ ಜುಲೈ ಕೊನೆಗೆ, ವಿಚಾರಣೆ ನಡುವಿನಲ್ಲಿರುವಾಗಲೇ, ಅವರು ರಾಜೀನಾಮೆ ಕೊಟ್ಟರು. ಅಲ್ಲಿಗೆ ಸಮಿತಿಯ ಕೆಲಸ ಮುಗಿಯಿತು.

ಅವರು ತಪ್ಪಿತಸ್ಥರೋ ಅಲ್ಲವೋ ನಾನು ಹೇಳಲಾರೆ. ಯಾರೂ ಹೇಳಲಾರರು. ನನ್ನ ಸಂಕಟವೇ ಅದು. ಅವರು ನಿರ್ದೋಷಿಯಾಗಿದ್ದ ಪಕ್ಷದಲ್ಲಿ ಆ ಮಾತನ್ನು ಸಮಿತಿಯ ಬಾಯಿಂದ ಕೇಳುವ ಹಕ್ಕು ಅವರಿಗಿತ್ತು. ಅಲ್ಲದಿದ್ದರೆ, ಆ ಕೆಂಪು ಕಟ್ಟಡದಲ್ಲಿ ಅವರ ಮುಂದೆ ಸೋತುಹೋದ ಪ್ರತಿಯೊಬ್ಬ ಕಕ್ಷಿದಾರನಿಗೂ ಅದನ್ನು ತಿಳಿಯುವ ಹಕ್ಕಿತ್ತು. ಒಂದು ಕಾಗದ ಎರಡು ಹಕ್ಕುಗಳನ್ನೂ ಒಟ್ಟಿಗೆ ಅಳಿಸಿಹಾಕಿತು.

ಅದೇ ವರ್ಷ ಕಲ್ಕತ್ತಾ ಹೈಕೋರ್ಟಿನ ಸೌಮಿತ್ರ ಸೇನ್ ಅವರ ಪ್ರಕರಣ ಇನ್ನೂ ಮುಂದಿನ ಮೆಟ್ಟಿಲಿನ ತನಕ ಹೋಯಿತು. ವಕೀಲರಾಗಿದ್ದಾಗ ಕೋರ್ಟು ತಮ್ಮನ್ನು ರಿಸೀವರನ್ನಾಗಿ ನೇಮಿಸಿ ಒಪ್ಪಿಸಿದ್ದ ಹಣವನ್ನು ದುರುಪಯೋಗ ಮಾಡಿಕೊಂಡರೆಂಬುದು ಆಪಾದನೆ. ಅವರು ರಾಜ್ಯಸಭೆಯ ಎದುರಿಗೆ ತಾವೇ ನಿಂತು ದೀರ್ಘವಾಗಿ ತಮ್ಮ ಸಮರ್ಥನೆಯನ್ನು ಹೇಳಿಕೊಂಡರು. ಅಷ್ಟರಮಟ್ಟಿಗೆ ಅವರನ್ನು ಮೆಚ್ಚಬೇಕು. ಆಗಸ್ಟ್ 18ರಂದು 189 ಮತ ಅವರನ್ನು ಇಳಿಸಬೇಕೆಂದೂ 17 ಮತ ಬೇಡವೆಂದೂ ಬಿದ್ದುವು. ಲೋಕಸಭೆಯಲ್ಲಿ ಮತಕ್ಕೆ ಬರುವ ಕೆಲವೇ ದಿನ ಮುಂಚೆ, ಸೆಪ್ಟೆಂಬರ್ 1ರಂದು, ರಾಜೀನಾಮೆ ಬಂತು. ಲೋಕಸಭೆ ಕಡತ ಕಟ್ಟಿತು.

ಅದಕ್ಕೂ ಮೊದಲು, 1993ರಲ್ಲಿ, ಸುಪ್ರೀಂ ಕೋರ್ಟಿನ ವಿ. ರಾಮಸ್ವಾಮಿಯವರ ಪ್ರಕರಣದಲ್ಲಿ ರಾಜೀನಾಮೆಯೂ ಬೇಕಾಗಲಿಲ್ಲ. ಅವರು ಪಂಜಾಬ್ ಮತ್ತು ಹರಿಯಾಣದ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ ಸರ್ಕಾರಿ ಹಣದಿಂದ ಮಾಡಿದ ಖರೀದಿಗಳ ವಿಚಾರ. ಮೂವರು ನ್ಯಾಯಮೂರ್ತಿಗಳ ಸಮಿತಿ 14 ಆಪಾದನೆಗಳಲ್ಲಿ 11 ರುಜುವಾತಾದುವೆಂದಿತ್ತು. ಲೋಕಸಭೆಯಲ್ಲಿ ಇಳಿಸಬೇಕೆಂದು 196 ಮತ. ಬೇಡವೆಂದು ಒಂದೇ ಒಂದು ಮತವೂ ಇಲ್ಲ. 205 ಮಂದಿ ಯಾವ ಕಡೆಗೂ ಮತ ಹಾಕದೆ ಕುಳಿತರು. ಅವರು ಸರಿ ಎಂದು ಹೇಳುವ ಧೈರ್ಯವೂ ಇಲ್ಲ, ತಪ್ಪು ಎಂದು ಹೇಳುವ ಧೈರ್ಯವೂ ಇಲ್ಲ. ನಮ್ಮೂರಿನ ಪಂಚಾಯಿತಿ ಕಟ್ಟೆಯಲ್ಲಿ ಹೀಗೆ ಕುಳಿತಿದ್ದರೆ ಹೆಂಗಸರು ನೀರಿಗೆ ಹೋಗುವಾಗ ನಗುತ್ತಿದ್ದರು.

ಇನ್ನೊಂದು ಸೂಕ್ಷ್ಮವಿದೆ. ನ್ಯಾಯಮೂರ್ತಿಯೊಬ್ಬರ ನಡತೆಯನ್ನು ಪಾರ್ಲಿಮೆಂಟಿನಲ್ಲಿ ಚರ್ಚಿಸುವುದಕ್ಕೆ ಸಂವಿಧಾನದ 121ನೆಯ ವಿಧಿ ಒಂದೇ ಬಾಗಿಲು ಇಟ್ಟಿದೆ: ಅವರನ್ನು ಇಳಿಸುವ ನಿರ್ಣಯ. ಅವರು ತಾವಾಗಿಯೇ ಇಳಿದರೆ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಇಳಿಸುವುದೇ ಗುರಿಯಾಗಿದ್ದರೆ ಇದು ಸರಿಯೆ. ಇಳಿದವರನ್ನು ಮತ್ತೆ ಇಳಿಸುವುದೆಲ್ಲಿಂದ? ಆದರೆ ಜನ ಕೇಳಿದ್ದು ಅವರು ಕೂರಬೇಕೆ ಇಳಿಯಬೇಕೆ ಎಂದಷ್ಟೇ ಅಲ್ಲ. ಏನು ನಡೆಯಿತೆಂದೂ ಕೇಳಿದ್ದರು. ಆಗಲೇ ಕೋರ್ಟಿನ ಜಗುಲಿಯ ಮೇಲೆ ಕೇಳಿದ ಆ ಹಳೆಯ ಅರ್ಥ ನನ್ನ ನೆನಪಿಗೆ ಬಂದಿದ್ದು. ಇದೂ ಒಂದು ರಾಜಿಯ ಪತ್ರವೇ. ನೀವು ಕೇಳುವುದನ್ನು ಬಿಡಿ, ನಾನು ಪೀಠವನ್ನು ಬಿಡುತ್ತೇನೆ. ಆದರೆ ರಾಜೀನಾಮೆಗೆ ಎರಡು ಪಕ್ಷದವರ ರುಜುವೂ ಬೇಕಲ್ಲ! ಎದುರು ಪಕ್ಷದ ಜಾಗದಲ್ಲಿ ನನ್ನ ಪಾರ್ಕಿನ ಮಿತ್ರರ ರುಜು ಎಲ್ಲಿದೆ?

ಪ್ರಬಂಧ ಬರೆಯುವವರೆಲ್ಲರಿಗೂ ಹಿರಿಯನಾದ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ನ್ಯಾಯಾಧೀಶ ಹೇಗಿರಬೇಕೆಂದು ಒಂದು ಸೊಗಸಾದ ಪ್ರಬಂಧ ಬರೆದ. ಆ ದೇಶದ ಅತ್ಯುನ್ನತ ನ್ಯಾಯಪೀಠಗಳಲ್ಲೊಂದರಲ್ಲಿ ಕುಳಿತ. 1621ರಲ್ಲಿ ಲಂಚದ ಆಪಾದನೆಗೆ ಸಿಕ್ಕಿಬಿದ್ದ. ಮೊದಲು ದೂರು ಕೊಟ್ಟವರು ಯಾರು ಗೊತ್ತೆ? ಹಣ ಕೊಟ್ಟೂ ಸೋತವರು! ಕಾಣಿಕೆ ತೆಗೆದುಕೊಂಡಿದ್ದರೂ ಅದಕ್ಕಾಗಿ ತೀರ್ಪನ್ನು ತಿರುಗಿಸಲಿಲ್ಲ ಎಂಬುದು ಬೇಕನ್ನನ ಸಮಾಧಾನ. ಇರಲೂಬಹುದು. ತೀರ್ಪು ಸರಿ, ನ್ಯಾಯಾಧೀಶ ತಪ್ಪು: ನಮ್ಮ ತಂದೆಯವರ ಮಾತನ್ನು ತಲೆಕೆಳಗು ಮಾಡಿದಂತೆ. ಆದರೆ ಅವನು 28 ಆಪಾದನೆಗಳಿಗೂ ಒಪ್ಪಿಗೆ ಬರೆದುಕೊಟ್ಟ. ನಲವತ್ತು ಸಾವಿರ ಪೌಂಡು ದಂಡ, ಕೆಲವು ದಿನ ಸೆರೆ. ದಂಡವನ್ನು ದೊರೆ ಆಮೇಲೆ ಮಾಫಿ ಮಾಡಿದ. ಅದಿರಲಿ. ಏನು ನಡೆಯಿತೆಂದು ನಾನೂರು ವರ್ಷದ ಮೇಲೆ ಬೆಂಗಳೂರಿನಲ್ಲಿ ಕುಳಿತ ಒಬ್ಬ ಪಿಂಚಣಿದಾರನಿಗೆ ಸಹ ತಿಳಿದಿದೆ.

ಇದನ್ನೆಲ್ಲ ನನ್ನ ತಂಗಿಯ ಮಗನೊಡನೆ ಹೇಳಿದೆ. ಅವನು ವಕೀಲ. ಅವನು ಕೇಳಿದ: “ಮಾವ, ಸೋತವರೆಲ್ಲರ ಮಾತು ಹಿಡಿದು ನ್ಯಾಯಾಧೀಶರನ್ನು ಕಟಕಟೆ ಹತ್ತಿಸುತ್ತ ಹೋದರೆ, ನಾಳೆ ಮಂತ್ರಿಯ ವಿರುದ್ಧ ತೀರ್ಪು ಬರೆಯುವ ಎದೆ ಯಾರಿಗಿರುತ್ತದೆ? ಇವರು ಯಾರೂ ಬಾಯಿಬಿಟ್ಟು ಉತ್ತರ ಕೊಡುವ ಹಾಗಿಲ್ಲ. ಬೈಯುವವರಿಗೆ ಮಾತ್ರ ನಾಲಗೆ.”

ಅವನ ಮಾತು ಸುಳ್ಳಲ್ಲ. 1973ನ್ನು ನೆನೆದರೆ ಮಂತ್ರಿಗಳ ಕೈಗೆ ಈ ಪ್ರಶ್ನೆಯನ್ನು ಕೊಡುವುದಕ್ಕೆ ನನಗೂ ಭಯವೇ. ಅದರ ಜೊತೆಗೆ, ಸೋತವನ ಹೊಟ್ಟೆಯುರಿ ಎಂಬುದು ಏನೆಂದು ನಾನು ಅರಿಯದವನಲ್ಲ. ಆ ಬಾಂದುಕಲ್ಲಿನ ಮಾತು ಬಂದರೆ ಇಂದಿಗೂ ನನಗೆ ಸ್ವರ ಏರುತ್ತದೆ. ಕೇಳುವವರು ನ್ಯಾಯಾಧೀಶರೇ ಆಗಿರಲಿ, ಬಾಗಿಲು ಮುಚ್ಚಿಕೊಂಡೇ ಕೇಳಲಿ. ಆದರೆ ಒಮ್ಮೆ ಕೇಳಲು ಕುಳಿತ ಮೇಲೆ, ಯಾರು ರಾಜೀನಾಮೆ ಕೊಟ್ಟರೂ ಕೇಳಿ ಮುಗಿಸಲಿ, ಕಂಡದ್ದನ್ನು ಹೊರಗೆ ಹೇಳಲಿ. ಇಷ್ಟನ್ನು ಒಂದು ಕಾನೂನಿನಲ್ಲಿ ಬರೆಯುವುದು ಕಷ್ಟವೇನಲ್ಲ. ನ್ಯಾಯಾಧೀಶರ ಹೊಣೆಗಾರಿಕೆಯ ಬಗ್ಗೆ ಒಂದು ಮಸೂದೆ 2012ರ ಮಾರ್ಚಿಯಲ್ಲಿ ಲೋಕಸಭೆಯನ್ನು ದಾಟಿತ್ತು. 2014ರಲ್ಲಿ ಆ ಲೋಕಸಭೆಯ ಜೊತೆಗೇ ಅದೂ ಕಾಲವಾಯಿತು. ಅಳಿಯ ಒಪ್ಪಿದನೋ ಇಲ್ಲವೋ, ಕಾಫಿ ಕುಡಿದು ಹೋದ.

2025ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೆಲ್ಲ ಸೇರಿ ತಮ್ಮ ಆಸ್ತಿಪಟ್ಟಿಗಳನ್ನು ಜನರ ಮುಂದಿಡಲು ಮತ್ತೆ ತೀರ್ಮಾನಿಸಿದರು. ಮೇ ತಿಂಗಳ ಮೊದಲ ವಾರದಲ್ಲಿ 33 ಮಂದಿಯ ಪೈಕಿ 21 ಮಂದಿಯ ಪಟ್ಟಿ ಪ್ರಕಟವಾಯಿತು. ಆ ಪಟ್ಟಿಯನ್ನು ಪಾರ್ಕಿನ ಬೆಂಚಿನ ಮೇಲೆ ಮಿತ್ರರಿಗೆ ಓದಿ ಹೇಳಿದೆ. ಅವರು ನಡುವೆ ತಡೆದು, “ಇವರದೆಲ್ಲ ಬಂತು. ನನ್ನ ಕೇಸು ಕೇಳಿದವರದು?” ಎಂದರು. ಅವರು ಸುಪ್ರೀಂ ಕೋರ್ಟಿನವರಲ್ಲವಲ್ಲ, ಎಂದೆ. ಮಿತ್ರರು ಎದ್ದು ಇನ್ನೊಂದು ಸುತ್ತು ಹಾಕಲು ಹೊರಟರು. ಅವರ ಹಿಂದೆ ನಡೆಯುತ್ತ, ಇವರ ಮನೆಯ ಬಾಗಿಲಿಗೆ ಒಮ್ಮೆಯಾದರೂ ಯಾರಾದರೂ ಒಂದು ಕಾಯನ್ನು ಹಿಂದಕ್ಕೆ ಕಳುಹಿಸಿದ್ದರೆ ಎಂದುಕೊಂಡೆ.

ಆ ಕಾಯಿಯ ಕಥೆಗೆ ಒಂದು ಬಾಲ ಉಳಿದಿದೆ. 1966ರ ಮೇ ತಿಂಗಳಲ್ಲಿ ನಮ್ಮ ಮುನ್ಸೀಫರಿಗೆ ಬೇರೆ ಊರಿಗೆ ವರ್ಗವಾಯಿತು. ಬಸ್ಸಿನ ಮೇಲೆ ಟ್ರಂಕು, ಹಾಸಿಗೆ ಸುರುಳಿ, ಒಂದು ಮರದ ಕುರ್ಚಿ ಏರಿಸುತ್ತಿದ್ದರು. ಬೀಳ್ಕೊಡುವುದಕ್ಕೆ ಬಂದವರು ಹೆಚ್ಚೇನೂ ಇರಲಿಲ್ಲ. ತಂದೆಯವರು ನನ್ನನ್ನು ಕರೆದುಕೊಂಡು, ಉಳಿದ ಮರಗಳ ಒಂದು ಒಳ್ಳೆಯ ಕಾಯನ್ನು ಪಂಚೆಯ ಸೆರಗಿನಲ್ಲಿ ಹಿಡಿದುಕೊಂಡು ಹೋದರು.

“ಸ್ವಾಮಿ, ಈಗಲಾದರೂ ಆಗಬಹುದೆ?” ಎಂದರು.

ಮುನ್ಸೀಫರು ಕಾಯಿಯನ್ನು ನೋಡಿದರು, ತಂದೆಯವರನ್ನು ನೋಡಿದರು. ಬೆರಳು ಮಡಿಸಿ ಎಣಿಸಿದರು. “ತೀರ್ಪಾಗಿ ನಾಲ್ಕು ತಿಂಗಳಾಯಿತು. ಅಪೀಲು ಅವಧಿ ಕಳೆದಿದೆ, ಅಲ್ಲವೆ?” ಎಂದು ಕೇಳಿದರು. ಕಳೆದಿದೆ ಎಂದರು ತಂದೆಯವರು. ಆಗ ಕಾಯನ್ನು ತೆಗೆದುಕೊಂಡು ಹೆಂಡತಿಯ ಕೈಗೆ ಕೊಟ್ಟರು. ಬಸ್ಸು ಏರುವ ಮುಂಚೆ ನನ್ನನ್ನು ಹತ್ತಿರಕ್ಕೆ ಕರೆದು, ಪೆಪ್ಪರಮೆಂಟು ತಿನ್ನು ಎಂದು ನನ್ನ ಅಂಗೈಯಲ್ಲಿ ನಾಲ್ಕಾಣೆ ಇಟ್ಟರು.

ದಾರಿಯುದ್ದಕ್ಕೂ ತಂದೆಯವರು ಸುಮ್ಮನೆ ಬಂದರು. ಮನೆಯ ಮೆಟ್ಟಿಲು ಹತ್ತುವಾಗ ಒಬ್ಬರೇ ನಗತೊಡಗಿದರು. ಏನೆಂದು ತಾಯಿ ಕೇಳಿದರು.

“ಸಂತೆಯಲ್ಲಿ ಕಾಯಿಗೆ ಈಗ ಏನು ಬೆಲೆ?” ಎಂದರು ತಂದೆಯವರು.

“ನಾಲ್ಕಾಣೆ. ಯಾಕೆ?”